ನರ್ಸ್ ಆಗಿದ್ದವರು ಕ್ಯಾಂಟರ್‌ಬರಿ ಪೀಠಕ್ಕೆ ಆಯ್ಕೆಯಾದದ್ದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಸ್ಥಾನಕ್ಕೆ ಮೊದಲ ಬಾರಿಗೆ ಮಹಿಳೆಯೊಬ್ಬರು ಆಯ್ಕೆಯಾಗಿದ್ದಾರೆ, ಅವರು ಹಿಂದೆ ನರ್ಸ್ ಆಗಿದ್ದರು ಎಂದು ಓದಿದೆ. ನಾನು ಕಂಡ ಚರ್ಚುಗಳಲ್ಲೆಲ್ಲ ಫಾದರ್ ಗಂಡಸರೇ. ಹೆಂಗಸರೆಂದರೆ ಸಿಸ್ಟರ್‌ಗಳು ಮಾತ್ರ. ಹಾಗಿದ್ದಾಗ ಇವರು ಅಷ್ಟು ದೊಡ್ಡ ಸ್ಥಾನಕ್ಕೆ ಬಂದದ್ದು ಹೇಗೆ? ನೇರವಾಗಿ ನೇಮಿಸಿದರೆ? ಇವರು ಪೋಪ್‌ಗೆ ಸಮಾನರೆ? ನಮ್ಮ ದೇಶದಲ್ಲಿ ಇಂಥದ್ದು ಆಗಬಹುದೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಸುದ್ದಿ ಓದಿದ ಅನೇಕರಿಗೆ ಇದೇ ಅನುಮಾನ ಬಂದಿರುತ್ತದೆ. ಕೇಳಲು ಸಂಕೋಚಪಟ್ಟು ಸುಮ್ಮನಾಗಿರುತ್ತಾರೆ, ಅಷ್ಟೆ. ನೀವು ಕೇಳಿರುವುದರಲ್ಲಿ ನಾಲ್ಕು ವಿಷಯಗಳಿವೆ. ಚರ್ಚಿನಲ್ಲಿ ಹೆಂಗಸರು ಗುರುಸ್ಥಾನಕ್ಕೆ ಬರಲು ಅವಕಾಶ ಇದೆಯೇ ಎಂಬುದು ಒಂದು. ಈ ಮಹಿಳೆ ಯಾವ ದಾರಿಯಲ್ಲಿ ಬಂದರು ಎಂಬುದು ಎರಡು. ಅವರ ಅಧಿಕಾರ ಎಷ್ಟು ಎಂಬುದು ಮೂರು. ಭಾರತದ ಸ್ಥಿತಿ ಏನು ಎಂಬುದು ನಾಲ್ಕು. ಒಂದೊಂದಾಗಿ ನೋಡೋಣ.

ನೀವು ಹೇಳುತ್ತಿರುವುದು ಸಾರಾ ಮುಲ್ಲಾಲಿ ಅವರ ವಿಷಯ. 2025ರ ಅಕ್ಟೋಬರ್ 3ರಂದು ಅವರ ಹೆಸರನ್ನು ಕ್ಯಾಂಟರ್‌ಬರಿಯ 106ನೇ ಆರ್ಚ್‌ಬಿಷಪ್ ಆಗಿ ಪ್ರಕಟಿಸಲಾಯಿತು. ಆ ಪೀಠ ಆರಂಭವಾದದ್ದು ಕ್ರಿ.ಶ. 597ರಲ್ಲಿ. ಪೋಪ್ ಗ್ರೆಗರಿ ಕಳುಹಿಸಿದ ಆಗಸ್ಟೀನ್ ಎಂಬ ಸಂನ್ಯಾಸಿ ಇಂಗ್ಲೆಂಡಿನ ಆಗ್ನೇಯದ ಕೆಂಟ್ ಸೀಮೆಗೆ ಬಂದಿಳಿದ ವರ್ಷ ಅದು. ಅಲ್ಲಿಂದ ಈಚೆಗೆ 105 ಮಂದಿ ಗಂಡಸರು ಕೂತ ಪೀಠಕ್ಕೆ ಮೊದಲ ಬಾರಿಗೆ ಒಬ್ಬ ಹೆಂಗಸಿನ ಹೆಸರು ಬಂತು.

ಎಲ್ಲ ಚರ್ಚುಗಳ ನಿಯಮ ಒಂದೇ ಅಲ್ಲ

ನೀವು ಕಂಡ ಚರ್ಚು ಬಹುಶಃ ರೋಮನ್ ಕ್ಯಾಥೊಲಿಕ್ ಚರ್ಚು. ‘ಫಾದರ್’, ‘ಸಿಸ್ಟರ್’ ಎಂದು ನೀವು ಬರೆದಿರುವುದರಿಂದ ಹಾಗೆ ಊಹಿಸುತ್ತಿದ್ದೇನೆ. ಅಲ್ಲಿ ನೀವು ಕಂಡದ್ದು ಸರಿಯಾಗಿಯೇ ಇದೆ. ಕ್ಯಾಥೊಲಿಕ್ ಸಭೆಯಲ್ಲಿ ಗುರುದೀಕ್ಷೆ ಗಂಡಸರಿಗೆ ಮಾತ್ರ. ಮಹಿಳೆಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗೆ ಇಲ್ಲ ಎಂದು ಪೋಪ್ ಎರಡನೆಯ ಜಾನ್ ಪಾಲ್ 1994ರಲ್ಲಿ ಪತ್ರದ ಮೂಲಕ ಖಚಿತವಾಗಿ ಸಾರಿದರು. ಇತ್ತೀಚೆಗೆ ವ್ಯಾಟಿಕನ್ನಿನ ಕೆಲವು ದೊಡ್ಡ ಆಡಳಿತ ಹುದ್ದೆಗಳಿಗೆ ಸಿಸ್ಟರ್‌ಗಳನ್ನು ನೇಮಿಸಿದ್ದಾರೆ. ಆದರೆ ಬಲಿಪೂಜೆ ಅರ್ಪಿಸುವ ಗುರುವಾಗಲು, ಬಿಷಪ್ ಆಗಲು ಅಲ್ಲಿ ಹೆಂಗಸರಿಗೆ ಅವಕಾಶ ಇಲ್ಲ.

ಸಾರಾ ಮುಲ್ಲಾಲಿ ಸೇರಿರುವುದು ಚರ್ಚ್ ಆಫ್ ಇಂಗ್ಲೆಂಡಿಗೆ. ಎಂಟನೆಯ ಹೆನ್ರಿ ರಾಜನ ಕಾಲದಲ್ಲಿ, 1534ರಲ್ಲಿ, ಇದು ರೋಮಿನ ಅಧಿಕಾರದಿಂದ ಹೊರಬಂದಿತು. ಅಂದಿನಿಂದ ಅಲ್ಲಿನ ನಿಯಮಗಳನ್ನು ಅಲ್ಲಿಯವರೇ ಮಾಡಿಕೊಳ್ಳುತ್ತಾರೆ. ಸಭೆಯ ಲೌಕಿಕ ಮುಖ್ಯಸ್ಥರು ಇಂಗ್ಲೆಂಡಿನ ರಾಜ ಅಥವಾ ರಾಣಿ. ಬಿಷಪ್‌ಗಳು, ಪಾದ್ರಿಗಳು, ಸಾಮಾನ್ಯ ಸಭಿಕರು ಈ ಮೂರೂ ವರ್ಗದವರು ಕೂತು ತೀರ್ಮಾನ ಮಾಡುವ ‘ಜನರಲ್ ಸಿನಾಡ್’ ಎಂಬ ಮಹಾಸಭೆ ಇದೆ. ಅಲ್ಲಿ ಅಂಗೀಕಾರವಾದ ಕಾನೂನಿಗೆ ಸಂಸತ್ತಿನ ಒಪ್ಪಿಗೆ, ರಾಜಮುದ್ರೆ ಎರಡೂ ಬೇಕು. ಹೆಂಗಸರ ಪ್ರವೇಶದ ಕಥೆಯಲ್ಲಿ ಈ ಸಿನಾಡ್ ಮುಖ್ಯ ಪಾತ್ರಧಾರಿ. ಅದಕ್ಕೇ ಅದರ ಪರಿಚಯ ಮೊದಲೇ ಮಾಡಿಕೊಟ್ಟೆ.

ಮೂರು ಮೆಟ್ಟಿಲು ಏರದೆ ಯಾರೂ ಬಿಷಪ್ ಆಗುವಂತಿಲ್ಲ

ಆರ್ಚ್‌ಬಿಷಪ್ ಹುದ್ದೆಗೆ ಯಾರನ್ನೂ ಹೊರಗಿನಿಂದ ನೇರವಾಗಿ ತಂದು ಕೂರಿಸಲು ಬರುವುದಿಲ್ಲ. ಆಂಗ್ಲಿಕನ್ ಪದ್ಧತಿಯಲ್ಲಿ ದೀಕ್ಷೆಗೆ ಮೂರು ಹಂತಗಳಿವೆ.

ಮೊದಲನೆಯದು ಡೀಕನ್. ಸೇವಕರ ಹಂತ ಇದು. ಪ್ರಸಂಗ ಮಾಡಬಹುದು, ದೀಕ್ಷಾಸ್ನಾನ ಕೊಡಬಹುದು, ಬಡವರ ರೋಗಿಗಳ ಯೋಗಕ್ಷೇಮ ನೋಡಿಕೊಳ್ಳಬೇಕು. ಆದರೆ ಕರ್ತನ ಭೋಜನದ ಸಂಸ್ಕಾರವನ್ನು ಸ್ವತಃ ನಡೆಸುವಂತಿಲ್ಲ.

ಎರಡನೆಯದು ಪಾದ್ರಿ, ಅಂದರೆ ಪ್ರೀಸ್ಟ್. ರೊಟ್ಟಿ ದ್ರಾಕ್ಷಾರಸಗಳನ್ನು ಆಶೀರ್ವದಿಸಿ ಕರ್ತನ ಭೋಜನ ನಡೆಸುವ, ಪಾಪಕ್ಷಮೆ ಸಾರುವ ಅಧಿಕಾರ ಇಲ್ಲಿಂದ ಶುರು. ಒಂದು ಊರಿನ ಸಭೆಯ ಪೂರ್ತಿ ಹೊಣೆ ಹೊರುವುದೂ ಈ ಹಂತದಲ್ಲೇ.

ಮೂರನೆಯದು ಬಿಷಪ್. ಹಲವು ಸಭೆಗಳು ಸೇರಿದ ಒಂದು ಪ್ರಾಂತ್ಯದ ಮೇಲ್ವಿಚಾರಣೆ ಇವರದು. ಬೇರೆಯವರಿಗೆ ದೀಕ್ಷೆ ಕೊಡುವ ಅಧಿಕಾರ ಇರುವುದು ಬಿಷಪ್‌ಗೆ ಮಾತ್ರ. ಹಿಂದಿನ ಬಿಷಪ್‌ಗಳು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದರಿಂದ ಈ ಅಧಿಕಾರ ಪರಂಪರೆಯಾಗಿ ಇಳಿದು ಬರುತ್ತದೆ ಎಂದು ಸಭೆ ನಂಬುತ್ತದೆ.

ಆರ್ಚ್‌ಬಿಷಪ್ ಎಂಬುದು ನಾಲ್ಕನೆಯ ದೀಕ್ಷೆಯಲ್ಲ. ಬಿಷಪ್‌ಗಳಲ್ಲೇ ಒಬ್ಬರಿಗೆ ಒಪ್ಪಿಸುವ ಹಿರಿಯ ಜವಾಬ್ದಾರಿ. ಆದ್ದರಿಂದ ಒಬ್ಬ ಹೆಂಗಸು ಆರ್ಚ್‌ಬಿಷಪ್ ಆಗಬೇಕಾದರೆ ಮೊದಲು ಹೆಂಗಸರು ಡೀಕನ್ ಆಗಲು, ಆಮೇಲೆ ಪಾದ್ರಿಯಾಗಲು, ಕೊನೆಗೆ ಬಿಷಪ್ ಆಗಲು ಕಾನೂನು ಒಪ್ಪಬೇಕಿತ್ತು. ಮೂರು ಬಾಗಿಲೂ ತೆರೆದುಕೊಳ್ಳುವವರೆಗೆ ನಾಲ್ಕನೆಯದರ ಮಾತೇ ಇರಲಿಲ್ಲ.

ಬಾಗಿಲುಗಳು ತೆರೆದ ಬಗೆ

ಆಂಗ್ಲಿಕನ್ ಸಭೆಗಳಲ್ಲಿ ಪಾದ್ರಿಯಾದ ಮೊದಲ ಮಹಿಳೆ ಇಂಗ್ಲೆಂಡಿನವರಲ್ಲ. ಅವರು ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಚೀನೀ ಹೆಣ್ಣುಮಗಳು, ಫ್ಲಾರೆನ್ಸ್ ಲೀ ಟಿಮ್ ಓಯಿ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಹಾಂಗ್‌ಕಾಂಗ್ ಹಿಡಿದಿದ್ದರು. ಪಕ್ಕದ ಮಕಾವ್‌ನಲ್ಲಿದ್ದ ಸಭೆಗೆ ಪಾದ್ರಿಗಳು ಹೋಗಲು ಆಗುತ್ತಿರಲಿಲ್ಲ. ಅಲ್ಲಿ ನಿರಾಶ್ರಿತರ ನಡುವೆ ಸೇವೆ ಮಾಡುತ್ತಿದ್ದವರು ಲೀ ಒಬ್ಬರೇ. 1944ರ ಜನವರಿ 25ರಂದು ಬಿಷಪ್ ರೊನಾಲ್ಡ್ ಹಾಲ್ ಅವರು ಲೀ ಅವರಿಗೆ ಪಾದ್ರಿಯ ದೀಕ್ಷೆ ಕೊಟ್ಟರು. ಯುದ್ಧ ಮುಗಿದ ಮೇಲೆ ದೊಡ್ಡ ಆಕ್ಷೇಪ ಎದ್ದಿತು. ತಮ್ಮಿಂದ ಬಿಷಪ್ ಹಾಲ್ ಅವರಿಗೆ ತೊಂದರೆಯಾಗಬಾರದೆಂದು ಲೀ 1946ರಲ್ಲಿ ಅನುಮತಿ ಪತ್ರವನ್ನು ಬಿಟ್ಟುಕೊಟ್ಟರು. ದೀಕ್ಷೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹಾಂಗ್‌ಕಾಂಗ್ ಸಭೆ 1971ರಲ್ಲಿ ಮತ್ತಿಬ್ಬರು ಮಹಿಳೆಯರಿಗೆ ದೀಕ್ಷೆ ಕೊಟ್ಟಾಗ ಇವರ ದೀಕ್ಷೆಗೂ ಮನ್ನಣೆ ದೊರೆಯಿತು. ಸುಮಾರು ಕಾಲು ಶತಮಾನ ಅವರು ಕಾಯಬೇಕಾಯಿತು.

ಮೊದಲ ಮಹಿಳಾ ಬಿಷಪ್ ಬಂದದ್ದು ಅಮೆರಿಕದಲ್ಲಿ. ಬಾರ್ಬರಾ ಹ್ಯಾರಿಸ್ ಕಪ್ಪು ಜನಾಂಗದವರು. ಪೆಟ್ರೋಲ್ ಕಂಪನಿಯೊಂದರಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸದಲ್ಲಿದ್ದು ಆಮೇಲೆ ಪಾದ್ರಿಯಾದವರು. 1989ರ ಫೆಬ್ರುವರಿಯಲ್ಲಿ ಬಾಸ್ಟನ್ನಿನಲ್ಲಿ ಅವರ ಅಭಿಷೇಕ ನಡೆಯುವ ಮುಂಚೆ ಕೊಲೆ ಬೆದರಿಕೆಗಳು ಬಂದಿದ್ದವು. ಗುಂಡು ತಡೆಯುವ ಅಂಗಿ ತೊಟ್ಟುಕೊಳ್ಳಿ ಎಂದು ಪೊಲೀಸರು ಕೊಟ್ಟರೂ ಅವರು ತೊಡಲಿಲ್ಲ. ಮರುವರ್ಷ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಪೆನ್ನಿ ಜೇಮಿಸನ್ ಒಂದು ಪ್ರಾಂತ್ಯದ ಪೂರ್ಣ ಹೊಣೆ ಹೊತ್ತ ಮೊದಲ ಮಹಿಳಾ ಬಿಷಪ್ ಆದರು.

ಇಂಗ್ಲೆಂಡ್ ಮಾತ್ರ ನಿಧಾನವಾಗಿ ನಡೆಯಿತು. ಹೆಂಗಸರು ಪಾದ್ರಿಗಳಾಗಲು ಮೂಲಭೂತವಾದ ಆಕ್ಷೇಪವೇನೂ ಇಲ್ಲ ಎಂದು ಅಲ್ಲಿನ ಸಿನಾಡ್ 1975ರಲ್ಲೇ ಒಪ್ಪಿತ್ತು. ಒಪ್ಪಿದರೂ ಕಾನೂನು ಮಾಡಲಿಲ್ಲ. ಡೀಕನ್ ಹಂತಕ್ಕೆ ಮಹಿಳೆಯರು ಬಂದದ್ದು 1987ರಲ್ಲಿ.

ಪಾದ್ರಿ ಹಂತದ ಮತದಾನ 1992ರ ನವೆಂಬರ್ 11ರಂದು ನಡೆಯಿತು. ಬಿಷಪ್‌ಗಳು, ಪಾದ್ರಿಗಳು, ಸಭಿಕರು ಈ ಮೂರು ಮನೆಗಳಲ್ಲಿ ಪ್ರತಿಯೊಂದರಲ್ಲೂ ಮೂರನೇ ಎರಡರಷ್ಟು ಬಹುಮತ ಬೇಕಿತ್ತು. ಸಭಿಕರ ಮನೆಯಲ್ಲಿ ಪರವಾಗಿ 169, ವಿರೋಧವಾಗಿ 82 ಮತ ಬಿದ್ದವು. ಇಬ್ಬರು ಮನಸ್ಸು ಬದಲಿಸಿದ್ದರೂ ಮಸೂದೆ ಬಿದ್ದುಹೋಗುತ್ತಿತ್ತು. 1994ರ ಮಾರ್ಚ್ 12ರಂದು ಬ್ರಿಸ್ಟಲ್ ಕೆಥೆಡ್ರಲ್‌ನಲ್ಲಿ 32 ಮಹಿಳೆಯರು ಒಟ್ಟಿಗೆ ಪಾದ್ರಿಯ ದೀಕ್ಷೆ ಪಡೆದರು.

ಬಿಷಪ್ ಹಂತಕ್ಕೆ ಇನ್ನೂ 20 ವರ್ಷ ಹಿಡಿಯಿತು. 2012ರ ನವೆಂಬರ್‌ನಲ್ಲಿ ಮಸೂದೆ ಮತಕ್ಕೆ ಬಂತು. ಬಿಷಪ್‌ಗಳೂ ಪಾದ್ರಿಗಳೂ ದೊಡ್ಡ ಬಹುಮತದಿಂದ ಒಪ್ಪಿದರು. ಸಭಿಕರ ಮನೆಯಲ್ಲಿ ಮಾತ್ರ 132 ಪರ, 74 ವಿರೋಧ. ಆರೇ ಆರು ಮತ ಕಡಿಮೆಬಿದ್ದು ಸೋತುಹೋಯಿತು. ಪಾದ್ರಿಗಳು ಅಡ್ಡಿ ಮಾಡಿರಬೇಕು ಎಂದು ನೀವು ಊಹಿಸಿದ್ದರೆ, ಅಂದು ಆದದ್ದು ಅದಲ್ಲ. ಅಡ್ಡಿ ಬಂದದ್ದು ಸಾಮಾನ್ಯ ಸಭಿಕರ ಪ್ರತಿನಿಧಿಗಳ ಕಡೆಯಿಂದ. ಒಪ್ಪದವರಿಗೂ ಸಭೆಯಲ್ಲಿ ಗೌರವದ ಜಾಗ ಉಳಿಯುವಂತೆ ಐದು ಮಾರ್ಗಸೂತ್ರಗಳನ್ನು ರಚಿಸಿ ಮತ್ತೆ ಮಂಡಿಸಿದ ಮೇಲೆ 2014ರ ಜುಲೈ 14ರಂದು ಯಾರ್ಕ್ ನಗರದಲ್ಲಿ ಮಸೂದೆ ಗೆದ್ದಿತು. 2015ರ ಜನವರಿ 26ರಂದು ಲಿಬ್ಬಿ ಲೇನ್ ಇಂಗ್ಲೆಂಡಿನ ಮೊದಲ ಮಹಿಳಾ ಬಿಷಪ್ ಆದರು.

ಆಸ್ಪತ್ರೆಯ ವಾರ್ಡಿನಿಂದ

ಈಗ ಸಾರಾ ಮುಲ್ಲಾಲಿಯವರ ದಾರಿಗೆ ಬರೋಣ. ಮೇಲಿನ ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಅವರ ಬದುಕಿನ ತಿರುವುಗಳು ಸ್ಪಷ್ಟವಾಗುತ್ತವೆ.

ಅವರು ಹುಟ್ಟಿದ್ದು 1962ರಲ್ಲಿ, ಲಂಡನ್ನಿನ ಹತ್ತಿರದ ವೋಕಿಂಗ್ ಪಟ್ಟಣದಲ್ಲಿ. ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. 16ನೇ ವಯಸ್ಸಿನಲ್ಲಿ ಸ್ವಂತ ನಿರ್ಧಾರದಿಂದ ಕ್ರೈಸ್ತ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದರು. ಆಗ ಹೆಂಗಸರಿಗೆ ಡೀಕನ್ ಹಂತವೂ ತೆರೆದಿರಲಿಲ್ಲ. ಅವರು ಆರಿಸಿಕೊಂಡದ್ದು ನರ್ಸಿಂಗ್.

ತರಬೇತಿ ಪಡೆದದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಆರಂಭಿಸಿದ ನರ್ಸಿಂಗ್ ಶಾಲೆ ಇದೇ ಆಸ್ಪತ್ರೆಗೆ ಸೇರಿದ್ದು. ಥೇಮ್ಸ್ ನದಿಯ ದಂಡೆಯಲ್ಲಿರುವ ಈ ಆಸ್ಪತ್ರೆಯ ನೆರೆಯಲ್ಲೇ ಲ್ಯಾಂಬೆತ್ ಅರಮನೆ ಇದೆ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್‌ಗಳು ಶತಮಾನಗಳಿಂದ ವಾಸ ಮಾಡುತ್ತಾ ಬಂದಿರುವ ಲಂಡನ್ ನಿವಾಸ ಅದು. ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಕಲಿಯುತ್ತಿದ್ದ ಆ ವಿದ್ಯಾರ್ಥಿನಿಗೆ ಪಕ್ಕದ ಅರಮನೆಯ ಬಾಗಿಲನ್ನು ಕಾನೂನೇ ಮುಚ್ಚಿತ್ತು. ಎರಡು ಕಟ್ಟಡಗಳ ನಡುವೆ ಇರುವುದು ಕೆಲವು ಹೆಜ್ಜೆಗಳ ದೂರ. ಅವರಿಗೆ ಅದನ್ನು ದಾಟಲು ನಾಲ್ಕು ದಶಕ ಬೇಕಾಯಿತು.

ನರ್ಸಿಂಗ್‌ನಲ್ಲಿ ಅವರು ಬೇಗ ಮೇಲೆ ಬಂದರು. ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು, ವಾರ್ಡಿನ ಹೊಣೆ ಹೊತ್ತರು, ಚೆಲ್ಸೀ ಅಂಡ್ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ನರ್ಸಿಂಗ್ ನಿರ್ದೇಶಕಿಯಾದರು. 1999ರಲ್ಲಿ, 37ನೇ ವಯಸ್ಸಿಗೆ, ಇಂಗ್ಲೆಂಡ್ ಸರ್ಕಾರದ ಮುಖ್ಯ ನರ್ಸಿಂಗ್ ಅಧಿಕಾರಿಯಾದರು. ಆ ಹುದ್ದೆಗೆ ಬಂದವರಲ್ಲೇ ಅವರು ಅತ್ಯಂತ ಕಿರಿಯರು. ದೇಶದ ನರ್ಸಿಂಗ್ ವ್ಯವಸ್ಥೆಯ ಕುರಿತು ಸರ್ಕಾರಕ್ಕೆ ಸಲಹೆ ಕೊಡುವ ಕೆಲಸ ಅದು. ಈ ಸೇವೆಗಾಗಿ ಅವರಿಗೆ 2005ರಲ್ಲಿ ‘ಡೇಮ್’ ಗೌರವ ಸಂದಿತು.

ಆ ದೊಡ್ಡ ಹುದ್ದೆಯಲ್ಲಿ ಇರುವಾಗಲೇ ಅವರು ಧರ್ಮಶಾಸ್ತ್ರದ ತರಬೇತಿ ಮುಗಿಸಿದರು. ಡೀಕನ್ ಆದದ್ದು 2001ರಲ್ಲಿ, ಪಾದ್ರಿಯಾದದ್ದು 2002ರಲ್ಲಿ. ಮೊದಲ ಮೂರು ವರ್ಷ ದಕ್ಷಿಣ ಲಂಡನ್ನಿನ ಬ್ಯಾಟರ್‌ಸೀ ಭಾಗದ ಒಂದು ಸಭೆಯಲ್ಲಿ ಸಂಬಳವಿಲ್ಲದ ಸಹಾಯಕ ಪಾದ್ರಿಯಾಗಿದ್ದರು. ಸರ್ಕಾರಿ ಕೆಲಸ ಒಂದು ಕಡೆ, ಬಿಡುವಿನಲ್ಲಿ ಸಭೆಯ ಕೆಲಸ ಇನ್ನೊಂದು ಕಡೆ. 2004ರಲ್ಲಿ ಸರ್ಕಾರದ ಹುದ್ದೆ ಬಿಟ್ಟು ಪೂರ್ಣಕಾಲದ ಪಾದ್ರಿಯಾದರು. ದೇಶದ ನರ್ಸಿಂಗ್‌ನ ಅತ್ಯುನ್ನತ ಹುದ್ದೆಯಿಂದ ಒಂದು ಬಡಾವಣೆಯ ಸಭೆಯ ಸಹಾಯಕರ ಸ್ಥಾನಕ್ಕೆ ಅವರು ತಾವಾಗಿ ಇಳಿದು ಬಂದರು.

ಅಲ್ಲಿಂದ ಮುಂದಿನದು ಕ್ರಮವಾದ ದಾರಿ. 2006ರಲ್ಲಿ ಸಟನ್ ಎಂಬಲ್ಲಿ ಹಲವು ಚರ್ಚುಗಳ ಗುಂಪಿಗೆ ಮುಖ್ಯ ಪಾದ್ರಿ. 2012ರಲ್ಲಿ ಸಾಲ್ಸ್‌ಬರಿ ಕೆಥೆಡ್ರಲ್‌ನ ಆಡಳಿತದಲ್ಲಿ ಒಬ್ಬರು. ಅದೇ ವರ್ಷ ಮಹಿಳಾ ಬಿಷಪ್ ಮಸೂದೆ ಸೋತಿತ್ತು ಎಂಬುದನ್ನು ಗಮನಿಸಿ. ಮಸೂದೆ ಗೆದ್ದ ಮರುವರ್ಷ, 2015ರ ಜುಲೈ 22ರಂದು, ಕ್ಯಾಂಟರ್‌ಬರಿ ಕೆಥೆಡ್ರಲ್‌ನಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು. ಆ ದಿನ ಅವರ ಜೊತೆ ಅಭಿಷೇಕ ಪಡೆದವರು ರೇಚಲ್ ಟ್ರೀವೀಕ್. ಆ ಕೆಥೆಡ್ರಲ್‌ನಲ್ಲಿ ಬಿಷಪ್ ಆದ ಮೊದಲ ಮಹಿಳೆಯರು ಇವರಿಬ್ಬರೇ. ಸಾರಾ ಅವರು ಮೊದಲು ಡೆವನ್ ಸೀಮೆಯ ಕ್ರೆಡಿಟನ್‌ನಲ್ಲಿ ಸಹಾಯಕ ಬಿಷಪ್ ಆಗಿದ್ದರು. 2018ರಲ್ಲಿ ಲಂಡನ್ನಿನ ಬಿಷಪ್ ಆದರು. ಕ್ಯಾಂಟರ್‌ಬರಿ, ಯಾರ್ಕ್ ಬಿಟ್ಟರೆ ಇಂಗ್ಲೆಂಡಿನ ಸಭೆಯಲ್ಲಿ ಅದೇ ದೊಡ್ಡ ಸ್ಥಾನ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರ ಪೀಠಾರೋಹಣ ನಡೆದದ್ದು ಮೇ 12ರಂದು. ಅದು ನೈಟಿಂಗೇಲ್ ಅವರ ಜನ್ಮದಿನ, ಅಂತರರಾಷ್ಟ್ರೀಯ ನರ್ಸ್‌ಗಳ ದಿನ.

ನರ್ಸ್ ಕೆಲಸ ಬಿಟ್ಟು ಧರ್ಮಸೇವೆಗೆ ಬಂದರು ಎಂದು ನಾವು ಹೇಳುತ್ತೇವೆ. ಅವರು ಹಾಗೆ ಹೇಳುವುದಿಲ್ಲ. ಯೇಸು ತನ್ನ ಶಿಷ್ಯರ ಕಾಲು ತೊಳೆದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿ ಬರುತ್ತದೆ. ನರ್ಸ್ ಆಗಿ, ಪಾದ್ರಿಯಾಗಿ, ಬಿಷಪ್ ಆಗಿ ತಮ್ಮ ಕರೆಯನ್ನು ರೂಪಿಸಿದ್ದು ಈ ಕಾಲು ತೊಳೆಯುವ ಕೆಲಸವೇ ಎಂಬುದು ಅವರ ಮಾತಿನ ಸಾರ. ಹಾಸಿಗೆ ಹಿಡಿದ ರೋಗಿಯ ಮೈ ಒರೆಸಿದವರು ಈ ಮಾತು ಹೇಳಿದಾಗ ಅದಕ್ಕೆ ತೂಕ ಬೇರೆಯೇ ಇರುತ್ತದೆ.

ಆಯ್ಕೆ ಮಾಡುವವರು ಯಾರು?

ನೇರವಾಗಿ ನೇಮಿಸಿದರೆ ಎಂದು ಕೇಳಿದ್ದೀರಿ. ಹಾಗಲ್ಲ. ಹಿಂದಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಘೋಷಿಸಿದರು. ಚರ್ಚಿನ ಶಿಬಿರಗಳಿಗೆ ಸೇರಿದ್ದ ವ್ಯಕ್ತಿಯೊಬ್ಬ ಹುಡುಗರ ಮೇಲೆ ನಡೆಸಿದ ದೌರ್ಜನ್ಯದ ದೂರನ್ನು ಸರಿಯಾಗಿ ಹಿಂಬಾಲಿಸಲಿಲ್ಲ ಎಂದು ತನಿಖಾ ವರದಿ ಹೇಳಿತ್ತು. ಅವರು 2025ರ ಜನವರಿಯಲ್ಲಿ ಸ್ಥಾನ ತೆರವು ಮಾಡಿದ ಮೇಲೆ ಆಯ್ಕೆಯ ಕೆಲಸ ಶುರುವಾಯಿತು.

ಮೊದಲ ಹಂತದಲ್ಲಿ 17 ಮಂದಿ ಮತದಾರರಿರುವ ಆಯೋಗ ಗುಟ್ಟಾಗಿ ಸಭೆ ಸೇರುತ್ತದೆ. ಅದರಲ್ಲಿ ಬಿಷಪ್‌ಗಳು, ಸಿನಾಡ್ ಆರಿಸಿದ ಪಾದ್ರಿಗಳು ಮತ್ತು ಸಭಿಕರು, ಕ್ಯಾಂಟರ್‌ಬರಿ ಪ್ರಾಂತ್ಯದವರು ಇರುತ್ತಾರೆ. ಈ ಬಾರಿ ಜಗತ್ತಿನ ಇತರ ಆಂಗ್ಲಿಕನ್ ಸಭೆಗಳಿಂದಲೂ ಐವರಿಗೆ ಜಾಗ ಕೊಟ್ಟಿದ್ದರು. ಹಿಂದೆ ಒಬ್ಬರು ಮಾತ್ರ ಇರುತ್ತಿದ್ದರು. ಹೆಸರು ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕು.

ಎರಡನೆಯ ಹಂತದಲ್ಲಿ ಆ ಹೆಸರು ಪ್ರಧಾನಿಗೆ ಹೋಗಿ, ಅವರಿಂದ ರಾಜನಿಗೆ ತಲುಪುತ್ತದೆ. ಮೂರನೆಯ ಹಂತದಲ್ಲಿ ಕ್ಯಾಂಟರ್‌ಬರಿ ಕೆಥೆಡ್ರಲ್‌ನ ಪದಾಧಿಕಾರಿಗಳು ಸೇರಿ ವಿಧಿವತ್ತಾಗಿ ಆರಿಸುತ್ತಾರೆ. ನಾಲ್ಕನೆಯದು ಆ ಆಯ್ಕೆಯ ಕಾನೂನುಬದ್ಧ ದೃಢೀಕರಣ. ಆ ಕ್ಷಣದಿಂದ ಅವರು ಆರ್ಚ್‌ಬಿಷಪ್. ಸಾರಾ ಅವರ ದೃಢೀಕರಣಕ್ಕೆ 2026ರ ಜನವರಿ 28, ಕ್ಯಾಂಟರ್‌ಬರಿಯ ಪೀಠಾರೋಹಣಕ್ಕೆ ಮಾರ್ಚ್ 25 ಎಂದು ದಿನ ಗೊತ್ತುಮಾಡಲಾಯಿತು. ಮಾರ್ಚ್ 25 ದೇವದೂತ ಮರಿಯಳಿಗೆ ಶುಭವಾರ್ತೆ ತಂದ ದಿನವೆಂದು ಕ್ರೈಸ್ತರು ಆಚರಿಸುವ ಹಬ್ಬ.

ಪೋಪ್‌ಗೆ ಸಮಾನರೆ?

ಇಲ್ಲಿ ಗೊಂದಲ ಆಗುವುದು ತೀರ ಸಹಜ. ಇಬ್ಬರೂ ಜಗತ್ತಿನ ದೊಡ್ಡ ಕ್ರೈಸ್ತ ಸಮುದಾಯಗಳ ಮುಂದಾಳುಗಳು, ಇಬ್ಬರ ಪೀಠಕ್ಕೂ ಪುರಾತನ ಪರಂಪರೆ ಇದೆ, ಇಬ್ಬರ ಚಿತ್ರವೂ ಒಂದೇ ಬಗೆಯ ಉಡುಪಿನಲ್ಲಿ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಅಧಿಕಾರದಲ್ಲಿ ಅಜಗಜಾಂತರವಿದೆ.

ಕ್ಯಾಥೊಲಿಕ್ ಸಭೆಯ ಮೇಲೆ ಪೋಪ್ ಅವರ ಅಧಿಕಾರ ಪೂರ್ಣವಾದದ್ದು. ಬೆಂಗಳೂರಿನ ಅಥವಾ ಮಂಗಳೂರಿನ ಕ್ಯಾಥೊಲಿಕ್ ಬಿಷಪ್ಪರ ನೇಮಕವೂ ರೋಮಿನಿಂದ ಬರುತ್ತದೆ. ಆಂಗ್ಲಿಕನ್ ಸಮುದಾಯದಲ್ಲಿ ಅಂಥ ವ್ಯವಸ್ಥೆ ಇಲ್ಲ. 165ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿರುವ, ಸುಮಾರು 8.5 ಕೋಟಿ ಸದಸ್ಯರಿರುವ ಈ ಸಮುದಾಯ 42 ಸ್ವತಂತ್ರ ಸಭೆಗಳ ಕೂಟ. ಬೇರೆ ಬೇರೆ ಒಲೆ ಹೂಡಿಕೊಂಡಿರುವ ತಮ್ಮ ತಂಗಿಯರ ನಡುವೆ ಹಿರಿಯಕ್ಕನಿಗೆ ಇರುವ ಸ್ಥಾನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್‌ರದು. ಎಲ್ಲರನ್ನೂ ಕರೆದು ಕೂರಿಸಬಹುದು, ಬುದ್ಧಿ ಹೇಳಬಹುದು. ಅವರ ಮನೆಯೊಳಗೆ ಅಪ್ಪಣೆ ಕೊಡಲು ಬರುವುದಿಲ್ಲ.

‘ಮೊದಲ ಮಹಿಳೆ’ ಎಂಬ ಮಾತನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ಸಾರಾ ಮುಲ್ಲಾಲಿ ಮೊದಲ ಮಹಿಳಾ ಬಿಷಪ್ ಅಲ್ಲ. ಜಗತ್ತಿನಲ್ಲಿ ಅದು ಬಾರ್ಬರಾ ಹ್ಯಾರಿಸ್, ಇಂಗ್ಲೆಂಡಿನಲ್ಲಿ ಲಿಬ್ಬಿ ಲೇನ್. ಒಂದು ದೇಶದ ಆಂಗ್ಲಿಕನ್ ಸಭೆಯ ಮುಖ್ಯಸ್ಥೆಯಾದ ಮೊದಲ ಮಹಿಳೆಯೂ ಅವರಲ್ಲ. 2006ರಲ್ಲಿ ಅಮೆರಿಕದ ಎಪಿಸ್ಕೋಪಲ್ ಸಭೆ ಕ್ಯಾಥರೀನ್ ಜೆಫರ್ಟ್ಸ್ ಶೋರಿ ಅವರನ್ನು ಆರಿಸಿತ್ತು. ಬ್ರಿಟನ್ನಿನ ಮೊದಲ ಮಹಿಳಾ ಆರ್ಚ್‌ಬಿಷಪ್ ಕೂಡ ಅವರಲ್ಲ. 2025ರ ಜುಲೈನಲ್ಲಿ ಚೆರ್ರಿ ವ್ಯಾನ್ ವೇಲ್ಸ್‌ನ ಆರ್ಚ್‌ಬಿಷಪ್ ಆಗಿ ಆಯ್ಕೆಯಾಗಿದ್ದರು. ಸಾರಾ ಅವರು ಮೊದಲಿಗರಾಗುವುದು ಕ್ಯಾಂಟರ್‌ಬರಿ ಪೀಠಕ್ಕೆ. ಇಡೀ ಆಂಗ್ಲಿಕನ್ ಸಮುದಾಯದ ಕೇಂದ್ರ ಆ ಪೀಠವಾದ್ದರಿಂದಲೇ ಸುದ್ದಿ ನಿಮ್ಮ ಊರಿನ ಪತ್ರಿಕೆಯವರೆಗೂ ಬಂತು.

ಎಲ್ಲರೂ ಒಪ್ಪಿದ್ದಾರೆ ಎಂದುಕೊಳ್ಳಬೇಡಿ. ಯೇಸು ಆರಿಸಿದ ಹನ್ನೆರಡು ಅಪೊಸ್ತಲರೂ ಗಂಡಸರು, ಆದ್ದರಿಂದ ಬಿಷಪ್ ಸ್ಥಾನ ಗಂಡಸರಿಗೇ ಸಲ್ಲಬೇಕು ಎನ್ನುವವರು ಇಂಗ್ಲೆಂಡಿನಲ್ಲೂ ಇದ್ದಾರೆ. ಅಂಥ ಸಭೆಗಳು ಠರಾವು ಮಾಡಿ ಗಂಡಸು ಬಿಷಪ್‌ರ ಸೇವೆ ಕೇಳಿ ಪಡೆಯಬಹುದು. ಲಂಡನ್ನಿನಲ್ಲಿ ಅಂಥ ಸಭೆಗಳು ಬಹಳ ಇವೆ, ಅವುಗಳ ನಡುವೆಯೇ ಸಾರಾ ಅವರು ಕೆಲಸ ಮಾಡಿದರು. ಆಫ್ರಿಕದ ನೈಜೀರಿಯ, ರುವಾಂಡ ಮುಂತಾದ ದೇಶಗಳ ಆಂಗ್ಲಿಕನ್ ಮುಖಂಡರು ಈ ಆಯ್ಕೆಯನ್ನು ಬಹಿರಂಗವಾಗಿಯೇ ವಿರೋಧಿಸಿದರು. ಇಡೀ ಆಫ್ರಿಕ ವಿರೋಧಿಸಿತು ಎಂದರೂ ತಪ್ಪಾಗುತ್ತದೆ. ದಕ್ಷಿಣ ಆಫ್ರಿಕದ ಆಂಗ್ಲಿಕನ್ ಸಭೆ 2012ರಲ್ಲೇ ಸ್ವಾಜಿಲೆಂಡಿನಲ್ಲಿ ಎಲ್ಲಿನಾ ವಾಮುಕೋಯ ಅವರನ್ನು ಬಿಷಪ್ ಮಾಡಿತ್ತು. ಇಂಗ್ಲೆಂಡಿಗಿಂತ ಎರಡು ವರ್ಷ ಮುಂಚೆ.

ನಮ್ಮ ದೇಶದಲ್ಲಿ?

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ನನಗೆ ವಿಶೇಷ ಸಂತೋಷ. ಭಾರತದಲ್ಲಿ ಇಂಥದ್ದು ಆಗಬಹುದೆ ಎಂದು ಕೇಳಿದ್ದೀರಿ. ಆಗಿ ಹೋಗಿದೆ, ಅದೂ ಇಂಗ್ಲೆಂಡಿಗಿಂತ ಮೊದಲೇ.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಗಳ ನಂತರ, ಮದರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯ ಉದಯಿಸಿತು. ನಾವು ಸಿಎಸ್‌ಐ ಎನ್ನುವುದು ಇದನ್ನೇ. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಒಂದಾದ ಸಭೆ ಇದು, ಆಂಗ್ಲಿಕನ್ ಸಮುದಾಯದ ಸದಸ್ಯ ಸಭೆಯೂ ಹೌದು. ಕರ್ನಾಟಕದಲ್ಲಿ ಇದಕ್ಕೆ ಮೂರು ಪ್ರಾಂತ್ಯಗಳಿವೆ: ಧಾರವಾಡ ಕೇಂದ್ರವಾಗಿ ಉತ್ತರ, ಮಂಗಳೂರು ಕೇಂದ್ರವಾಗಿ ದಕ್ಷಿಣ, ಬೆಂಗಳೂರು ಕೇಂದ್ರವಾಗಿ ಮಧ್ಯ. ಈ ಸಭೆಯಲ್ಲಿ ಮಹಿಳೆಯರು ಸಭಾಪಾಲಕರಾಗಲು ದಶಕಗಳಿಂದ ಅವಕಾಶವಿದೆ. ಇಂಗ್ಲೆಂಡಿನ ಸಿನಾಡ್ ಇನ್ನೂ ಚರ್ಚೆಯಲ್ಲಿದ್ದ 1980ರ ದಶಕದಲ್ಲೇ ಇಲ್ಲಿ ಮಹಿಳೆಯರು ದೀಕ್ಷೆ ಪಡೆದಿದ್ದರು.

ಹಾಗೆ ದೀಕ್ಷೆ ಪಡೆದವರಲ್ಲಿ ಒಬ್ಬರು ಎಗ್ಗೋನಿ ಪುಷ್ಪಲಲಿತಾ. ನಮ್ಮ ಬಳ್ಳಾರಿ, ರಾಯಚೂರುಗಳ ನೆರೆಯ ಕರ್ನೂಲು ಸೀಮೆಯ ಹಳ್ಳಿಯವರು. ಹೈದರಾಬಾದಿನಲ್ಲಿ ಧರ್ಮಶಾಸ್ತ್ರ ಓದಿ, ಆ ಸೀಮೆಯ ಸಭೆಗಳಲ್ಲಿ ವರ್ಷಾನುಗಟ್ಟಲೆ ಸಭಾಪಾಲಕರಾಗಿ ದುಡಿದರು. 2013ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ನಂದ್ಯಾಲ ಪ್ರಾಂತ್ಯದ ಬಿಷಪ್ ಆದರು. ಸಿಎಸ್‌ಐ ಸಭೆಯ ಮೊದಲ ಮಹಿಳಾ ಬಿಷಪ್ ಅವರೇ. ನಂದ್ಯಾಲ ಸೀಮೆಯ ಹಲವು ಆಂಗ್ಲಿಕನ್ ಸಭೆಗಳು 1947ರಲ್ಲಿ ಸಿಎಸ್‌ಐ ಸೇರಲು ಹಿಂಜರಿದು ಹೊರಗೇ ಉಳಿದಿದ್ದವು, ಬಹಳ ಕಾಲದ ನಂತರ ಸೇರಿದವು. ಹಳೆಯ ಪದ್ಧತಿಗೆ ಅಷ್ಟು ಅಂಟಿಕೊಂಡಿದ್ದ ಸೀಮೆಯಿಂದಲೇ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಬಂದದ್ದು ಸಣ್ಣ ಮಾತಲ್ಲ.

ದಿನಾಂಕಗಳನ್ನು ಜೋಡಿಸಿ ನೋಡಿ. ಪುಷ್ಪಲಲಿತಾ ಅವರ ಅಭಿಷೇಕ 2013ರ ಸೆಪ್ಟೆಂಬರ್‌ನಲ್ಲಿ. ಲಿಬ್ಬಿ ಲೇನ್ ಅವರದು 2015ರ ಜನವರಿಯಲ್ಲಿ. ನಂದ್ಯಾಲದಲ್ಲಿ ಹೆಣ್ಣುಮಗಳೊಬ್ಬರು ಬಿಷಪ್ ದಂಡ ಹಿಡಿದಾಗ ಇಂಗ್ಲೆಂಡಿನಲ್ಲಿ ಅದಕ್ಕೆ ಕಾನೂನೇ ಇರಲಿಲ್ಲ. ಹೊಸತೆಲ್ಲ ಲಂಡನ್ನಿನಲ್ಲಿ ಹುಟ್ಟಿ ಆಮೇಲೆ ನಮ್ಮ ಕಡೆಗೆ ಬರುತ್ತದೆ ಎಂಬ ಅಭಿಪ್ರಾಯ ಈ ವಿಷಯದಲ್ಲಿ ನಿಲ್ಲುವುದಿಲ್ಲ. ಮಕಾವ್, ಬಾಸ್ಟನ್, ಡನೀಡಿನ್, ಸ್ವಾಜಿಲೆಂಡ್, ನಂದ್ಯಾಲ ಇವೆಲ್ಲ ಮೊದಲು ಹೆಜ್ಜೆ ಇಟ್ಟವು, ಇಂಗ್ಲೆಂಡ್ ಅವುಗಳ ಹಿಂದೆ ಬಂತು.

ಒಟ್ಟಿನಲ್ಲಿ

ನಿಮ್ಮ ಪ್ರಶ್ನೆಗಳಿಗೆ ಉತ್ತರವನ್ನು ಚಿಕ್ಕದಾಗಿ ಹೀಗೆ ನೆನಪಿಟ್ಟುಕೊಳ್ಳಬಹುದು. ಕ್ಯಾಥೊಲಿಕ್ ಸಭೆಯಲ್ಲಿ ಹೆಂಗಸರಿಗೆ ಗುರುದೀಕ್ಷೆ ಇಲ್ಲ. ಆಂಗ್ಲಿಕನ್ ಸಭೆಗಳಲ್ಲಿ ಬಹುಪಾಲು ಕಡೆ ಇದೆ. ಸಾರಾ ಮುಲ್ಲಾಲಿ ಡೀಕನ್, ಪಾದ್ರಿ, ಬಿಷಪ್ ಎಂಬ ಮೂರು ಮೆಟ್ಟಿಲುಗಳನ್ನೂ ಕ್ರಮವಾಗಿ ಹತ್ತಿ, ಮೂರನೇ ಎರಡರಷ್ಟು ಮತ ಪಡೆದು ಬಂದವರು. ಅವರು ಪೋಪ್‌ಗೆ ಸಮಾನರಲ್ಲ, ಸ್ವತಂತ್ರ ಸಭೆಗಳ ಕೂಟದ ಹಿರಿಯರು. ಮತ್ತು ಭಾರತ ಈ ದಾರಿಯಲ್ಲಿ ಇಂಗ್ಲೆಂಡಿಗಿಂತ ಮುಂದೆ ಇತ್ತು.

ಅವರ ಸ್ವಂತ ಸಾಮರ್ಥ್ಯ ದೊಡ್ಡದು, ಅನುಮಾನವಿಲ್ಲ. ಆದರೆ ಅವರು ತಲುಪಿದ ಕಡೆಗೆ ದಾರಿ ಮಾಡಿಕೊಟ್ಟವರು 1944ರ ಲೀ ಟಿಮ್ ಓಯಿ, 1994ರ ಬ್ರಿಸ್ಟಲ್ಲಿನ 32 ಮಂದಿ, ನಂದ್ಯಾಲದ ಪುಷ್ಪಲಲಿತಾ ಅವರಂಥವರು. ‘ಮೊದಲ ಮಹಿಳೆ’ ಎಂಬ ಸುದ್ದಿ ಕಂಡಾಗ ಅವರಿಗಿಂತ ಮೊದಲು ಯಾರು ನಡೆದಿದ್ದರು ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ನಿಮ್ಮ ಊರಿನಲ್ಲಿ ಅಥವಾ ಹತ್ತಿರದ ಪಟ್ಟಣದಲ್ಲಿ ಸಿಎಸ್‌ಐ ಚರ್ಚು ಇದ್ದರೆ ಒಂದು ಭಾನುವಾರ ಹೋಗಿ, ಇಲ್ಲಿ ಮಹಿಳಾ ಸಭಾಪಾಲಕರು ಇದ್ದಾರೆಯೆ ಎಂದು ವಿಚಾರಿಸಿ. ಇದ್ದರೆ ನಿಮ್ಮ ಮುಂದಿನ ಪ್ರಶ್ನೆಯನ್ನು ನೇರವಾಗಿ ಅವರನ್ನೇ ಕೇಳಿ. ನನಗಿಂತ ಚೆನ್ನಾಗಿ ಅವರು ಉತ್ತರ ಹೇಳುತ್ತಾರೆ.